ಕಡಿಮೆ ದುಡ್ಡಿನ ಕ್ಯಾಮೆರಾ, ಕತ್ತಲೆಯ ನವರಂಗ

ಮುಗಿದೇ ಹೋಯಿತೆಂದುಕೊಂಡಿದ್ದ ಪ್ರಶ್ನೆಯೊಂದು ಈಚೆಗೆ ಮತ್ತೆ ಕಿವಿಗೆ ಬೀಳುತ್ತಿದೆ: ‘ದಿನಬಳಕೆಗೆ ಒಂದು ಚಿಕ್ಕ ಕ್ಯಾಮೆರಾ ಬೇಕು, ತುಂಬಾ ದುಡ್ಡು ಹಾಕೋಕಾಗಲ್ಲ, ಯಾವುದು ತಗೊಳ್ಳೋದು?’ ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಫ್ಯಾಷನ್ನಿನ ಬಣ್ಣವಿದೆ. ಹಾಸನ–ಬೇಲೂರು ರಸ್ತೆಯಿಂದ ಹಳೇಬೀಡಿಗೆ ತಿರುಗುವ ಹಗರೆಯಲ್ಲಿ ಕೇಳುವವರೇ ಬೇರೆ. ವೀರಗಲ್ಲು, ಶಾಸನ ಹುಡುಕಿಕೊಂಡು ಭಾನುವಾರ ಬೈಕಿನಲ್ಲಿ ಅಲೆಯುವ ಹೈಸ್ಕೂಲು ಮೇಷ್ಟ್ರು; ಮಗಳ ಕೈಗೆ ಮೊಬೈಲು ಕೊಡಲು ಇಷ್ಟವಿಲ್ಲದ, ಅವಳ ಫೋಟೋ ಹುಚ್ಚಿಗೆ ಅಡ್ಡ ಬರಲೂ ಇಷ್ಟವಿಲ್ಲದ ಶುಂಠಿ ಬೆಳೆಗಾರ; ರಿಟೈರಾಗಿ ಊರು ಸೇರಿ ಕೆರೆ ಏರಿಯ ಮೇಲೆ ಹಕ್ಕಿ ನೋಡಲು ಹೊರಟವರು. ಮೂವರ ಜೇಬಿನಲ್ಲೂ ಮೊಬೈಲಿದೆ, ಮೊಬೈಲಿನಲ್ಲಿ ಕ್ಯಾಮೆರಾ ಇದೆ. ಆದರೂ ಕೇಳುತ್ತಾರೆಂದರೆ ಆ ಮೊಬೈಲು ಎಲ್ಲೋ ಕೈಕೊಟ್ಟಿದೆ ಎಂದೇ ಅರ್ಥ. ಎಲ್ಲಿ ಕೈಕೊಟ್ಟಿತು ಎಂಬುದನ್ನು ಮೊದಲು ಕೇಳಿ ತಿಳಿದುಕೊಂಡರೆ ಉತ್ತರ ಅರ್ಧ ಸಿಕ್ಕಂತೆ. ಅಂಗಡಿಯವರು ಇದನ್ನು ಕೇಳುವುದಿಲ್ಲ. ನೇರವಾಗಿ ಮೆಗಾಪಿಕ್ಸೆಲ್‌ಗೆ ಬರುತ್ತಾರೆ.

ಈ ಜಾತಿಯ ಕ್ಯಾಮೆರಾಗಳ ಏಳುಬೀಳನ್ನು ಸ್ವಲ್ಪ ನೋಡಬೇಕು, ಇಲ್ಲದಿದ್ದರೆ ಇವತ್ತಿನ ಅಂಗಡಿ ಅರ್ಥವಾಗುವುದಿಲ್ಲ. ಜಪಾನಿನ ಕ್ಯಾಮೆರಾ ಕಂಪನಿಗಳ ಸಂಘವಾದ ಸೀಪಾದ ಲೆಕ್ಕದಂತೆ 2010ರಲ್ಲಿ ಜಗತ್ತಿಗೆ ಹೋದ ಡಿಜಿಟಲ್ ಕ್ಯಾಮೆರಾ 12 ಕೋಟಿಗೂ ಹೆಚ್ಚು. ಅದರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಲೆನ್ಸು ಬಿಚ್ಚಲು ಬಾರದ ಚಿಕ್ಕ ಕ್ಯಾಮೆರಾಗಳೇ. 2023ಕ್ಕೆ ಆ ಚಿಕ್ಕ ಕ್ಯಾಮೆರಾಗಳ ಸಂಖ್ಯೆ 17 ಲಕ್ಷದ ಆಸುಪಾಸಿಗೆ ಇಳಿಯಿತು. ನಡುವೆ ಕೋಡಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿ ಕ್ಯಾಮೆರಾ ಮಾಡುವುದನ್ನೇ ಬಿಟ್ಟಿತು. ಕ್ಯಾಸಿಯೊ 2018ರಲ್ಲಿ ಚಿಕ್ಕ ಕ್ಯಾಮೆರಾಗಳಿಗೆ ಕೈಮುಗಿಯಿತು. ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನೇ ಮಾರಿತು. ಉಳಿದವರು ಅಗ್ಗದ ಮಾಲನ್ನು ಬಿಟ್ಟು ದುಬಾರಿ ಮಾಲಿಗೆ ಹೋದರು. 2024ರಲ್ಲಿ ಬಂದ ಫ್ಯೂಜಿಯ ಎಕ್ಸ್100-6 ಜೇಬಿಗಿಂತ ಒಂದಿಷ್ಟೇ ದೊಡ್ಡದು. ಬೆಲೆ ಒಂದೂವರೆ ಲಕ್ಷದ ಮೇಲೆ. ಇಂದು ನಮ್ಮ ಪ್ರಶ್ನೆ ಕಷ್ಟವಾಗಿರುವುದಕ್ಕೆ ಇದೇ ಕಾರಣ. ಎರಡೂ ತುದಿಯಲ್ಲಿ ಮಾಲು ಇದೆ, ನಡುವೆ ಖಾಲಿ. ಹದಿನೈದು ವರ್ಷದ ಹಿಂದೆ ಹಾಸನದ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೂ ಗಾಜಿನ ಕಪಾಟಿನ ತುಂಬ ಸಿಗುತ್ತಿದ್ದ ಹದಿನೈದು–ಇಪ್ಪತ್ತು ಸಾವಿರದ ಒಳ್ಳೆಯ ಕ್ಯಾಮೆರಾ ಹೊಸದಾಗಿ ಈಗ ತಯಾರಾಗುವುದೇ ಇಲ್ಲವೆಂದರೂ ನಡೆಯುತ್ತದೆ. ಜಿಎಸ್‌ಟಿ ಮಾತ್ರ 2019ರ ಜನವರಿಯಲ್ಲಿ ಶೇ 28ರಿಂದ 18ಕ್ಕೆ ಇಳಿಯಿತು; ಆ ಹೊತ್ತಿಗೆ ಕಪಾಟು ಖಾಲಿಯಾಗಿತ್ತು.

ಅಗ್ಗದ ತುದಿಯಲ್ಲಿ ಈಗ ಹೊಸದಾಗಿ ಸಿಗುವುದರಲ್ಲಿ ಹೆಚ್ಚು ಹೆಸರು ಕೇಳುವುದು ಕೋಡಕ್ ಪಿಕ್ಸ್‌ಪ್ರೊ. ಹಳದಿ–ಕೆಂಪು ಡಬ್ಬಿ ನೋಡಿ ಹಳೆಯ ಕೋಡಕ್ ಎಂದುಕೊಳ್ಳಬೇಡಿ. ಹೆಸರನ್ನು ಪರವಾನಗಿ ಮೇಲೆ ಪಡೆದ ಜೆಕೆ ಇಮೇಜಿಂಗ್ ಎಂಬ ಬೇರೆ ಕಂಪನಿ ಇದನ್ನು ಮಾರುತ್ತದೆ. ಅದರ ಎಫ್‌ಝಡ್55 ಚಿಕ್ಕದು, ಚೊಕ್ಕದು, 5 ಪಟ್ಟು ಆಪ್ಟಿಕಲ್ ಜೂಮ್ ಇದೆ. ಎಫ್‌ಝಡ್45ಕ್ಕೆ ಗಡಿಯಾರದಂಗಡಿಯಲ್ಲೂ ಸಿಗುವ ಡಬಲ್-ಎ ಸೆಲ್ ಸಾಕು. ಹಳ್ಳಿಯಲ್ಲಿ ಇದು ಸಣ್ಣ ಅನುಕೂಲವಲ್ಲ. ಇನ್ನು ಆನ್‌ಲೈನಿನಲ್ಲಿ ನಾಲ್ಕೈದು ಸಾವಿರಕ್ಕೆ ‘48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್’ ಎಂದು ಬರೆದುಕೊಂಡು ಬರುವ ಹೆಸರಿಲ್ಲದ ಡಬ್ಬಿಗಳು. ಅವುಗಳ ಜೂಮ್ ಎಂದರೆ ಚಿತ್ರದ ಮಧ್ಯಭಾಗ ಕತ್ತರಿಸಿ ಹಿಗ್ಗಿಸುವುದು, ಅಷ್ಟೇ. ಅವನ್ನು ಮಕ್ಕಳ ಆಟದ ಸಾಮಾನಿನ ಸಾಲಿಗೆ ಸೇರಿಸಿ ಮುಂದೆ ಹೋಗೋಣ.

ಕೋಡಕ್‌ನಂಥ ಕ್ಯಾಮೆರಾ ಚಿತ್ರದ ಗುಣದಲ್ಲಿ ಮೊಬೈಲಿಗಿಂತ ಮೇಲೋ? ಅಲ್ಲ. ಲೆಕ್ಕ ಸರಳ. ಈ ಕ್ಯಾಮೆರಾಗಳ ಒಳಗಿರುವ ಸೆನ್ಸರಿನ ಅಳತೆ ಸುಮಾರು 6.2 ಮಿಲಿಮೀಟರ್ ಅಗಲ, 4.6 ಎತ್ತರ, ಕಡಲೆಬೇಳೆಯಷ್ಟು ಜಾಗ, ಚದರ ಲೆಕ್ಕದಲ್ಲಿ 28 ಮಿ.ಮೀ. ಒಂದು ಮಟ್ಟದ ಮೊಬೈಲುಗಳ ಮುಖ್ಯ ಕ್ಯಾಮೆರಾದ ಸೆನ್ಸರು ಈಗ ಇದರ ಎರಡು ಪಟ್ಟಿಗೂ ಹೆಚ್ಚು. ಸಾಲದ್ದಕ್ಕೆ ಮೊಬೈಲು ಒಂದರ ಹಿಂದೊಂದು ಹತ್ತಾರು ಫ್ರೇಮ್ ಹಿಡಿದು ಬೆರೆಸಿ ಕತ್ತಲನ್ನು ತೊಳೆಯುತ್ತದೆ. ಗೂಗಲ್ 2018ರಲ್ಲಿ ತಂದ ನೈಟ್ ಸೈಟ್ ಈ ವಿದ್ಯೆಯನ್ನು ಮನೆಮಾತಾಗಿಸಿತು. ಅಗ್ಗದ ಕ್ಯಾಮೆರಾದ ಒಳಗೆ ಆ ಬುದ್ಧಿ ಇಲ್ಲ. ಹಾಗಾಗಿ ಹನ್ನೆರಡು–ಹದಿನೈದು ಸಾವಿರ ಕೊಟ್ಟು ಹೊಸ ಚಿಕ್ಕ ಕ್ಯಾಮೆರಾ ಕೊಂಡವರು, ಬೆಳಕು ಕಡಿಮೆಯಾದ ಕೂಡಲೇ ಮೊಬೈಲಿಗಿಂತ ಕೆಟ್ಟ ಚಿತ್ರ ತೆಗೆಯುತ್ತಾರೆ. ನನ್ನ ಅಭಿಪ್ರಾಯ ಇಷ್ಟು: ಇಂಥದ್ದನ್ನು ಮೂರು ಕಾರಣಕ್ಕೆ ಕೊಳ್ಳಬಹುದು. ನಿಜವಾದ ಜೂಮ್, ಕತ್ತಲಲ್ಲಿ ಓಡಾಡುವ ಮಗುವನ್ನೂ ಹಿಡಿದು ನಿಲ್ಲಿಸುವ ಜೆನಾನ್ ಫ್ಲಾಶ್, ಮತ್ತು ಅದರಲ್ಲಿ ವಾಟ್ಸ್ಯಾಪ್ ಇಲ್ಲ ಎಂಬುದು. ಶುಂಠಿ ಬೆಳೆಗಾರನ ಮಗಳಿಗೆ ಮೂರನೆಯ ಕಾರಣವೊಂದೇ ಸಾಕು. ಮೇಷ್ಟ್ರಿಗೆ ಸಾಲದು.

ಮೇಷ್ಟ್ರ ಕಷ್ಟ ಏನೆಂದು ತಿಳಿಯಬೇಕಾದರೆ ದೊಡ್ಡಗದ್ದವಳ್ಳಿಗೆ ಹೋಗಬೇಕು. ಹಗರೆಯಿಂದ ಹಾಸನದ ಕಡೆಗೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟು ಒಳಗೆ ಸಿಗುವ ಲಕ್ಷ್ಮೀದೇವಿ ದೇವಸ್ಥಾನ. 12ನೇ ಶತಮಾನದ ಆರಂಭದ್ದು, ಬೇಲೂರಿಗಿಂತ ತುಸು ಮುಂಚಿನದು, ನಾಲ್ಕು ಗರ್ಭಗುಡಿ. ಕಾಳಿಯ ಗುಡಿಯ ಬಾಗಿಲಿಗೆ ಎರಡೂ ಕಡೆ ಆಳೆತ್ತರದ ವೇತಾಳಗಳು ನಿಂತಿವೆ. ಪಕ್ಕೆಲುಬು ಎಣಿಸಬಹುದಾದ ಬೆತ್ತಲೆ ಅಸ್ಥಿಪಂಜರಗಳು. ಹೊರಗಿನ ಬಿಸಿಲಿನಿಂದ ಒಳಗೆ ಹೋದವರಿಗೆ ಅವು ಕಾಣಬೇಕಾದರೆ ಕಣ್ಣು ಕತ್ತಲಿಗೆ ಹೊಂದಬೇಕು. ಮೊಬೈಲು ತೆಗೆದರೆ ಚಿತ್ರವೇನೋ ಬೆಳ್ಳಗೆ ಬರುತ್ತದೆ. ಹಿಗ್ಗಿಸಿ ನೋಡಿ: ಉಳಿಯ ಗೀರು ಮಾಯ, ಕಲ್ಲಿನ ಮೈ ಮಾಯ, ಪಕ್ಕೆಲುಬಿನ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಂತಿರುತ್ತದೆ. ಕತ್ತಲಲ್ಲಿ ಮೂಡುವ ಚುಕ್ಕೆಗಳ ಗದ್ದಲವನ್ನು ಒರೆಸುವ ತಂತ್ರಾಂಶ ಕೆತ್ತನೆಯನ್ನೂ ಗದ್ದಲವೆಂದೇ ತಿಳಿದು ಒರೆಸಿದೆ, ಆಮೇಲೆ ಹರಿತ ಕಾಣಲೆಂದು ಅಂಚನ್ನು ತಿದ್ದಿದೆ. ಮುಖಕ್ಕೆ, ಊಟದೆಲೆಗೆ ಇದು ನಡೆಯುತ್ತದೆ. ಬಳಪದ ಕಲ್ಲಿನ ಮೇಲಿನ ಕುಸುರಿಗೆ ನಡೆಯುವುದಿಲ್ಲ. ಟ್ರೈಪಾಡ್ ಇಟ್ಟು ನಿಧಾನವಾಗಿ ತೆಗೆಯೋಣವೆಂದರೆ ಸಂರಕ್ಷಿತ ಸ್ಮಾರಕಗಳಲ್ಲಿ ಅದಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಕೈಯಲ್ಲೇ ಹಿಡಿದು ತೆಗೆಯಬೇಕು, ಬೆಳಕು ಇಲ್ಲ, ವಿವರ ಬೇಕು.

ಇಂಥ ಕಡೆ ಉತ್ತರ ಕೊಡುವುದು ಎರಡೇ: ಸೆನ್ಸರಿನ ಅಳತೆ, ಲೆನ್ಸಿನ ಬಾಯಿ. ‘ಒಂದು ಇಂಚು’ ಎಂಬ ಹೆಸರಿನಲ್ಲಿ ಮಾರಾಟವಾಗುವ ಸೆನ್ಸರಿನ ನಿಜವಾದ ಅಳತೆ 13.2ಕ್ಕೆ 8.8 ಮಿ.ಮೀ. ಅಂದರೆ 116 ಚದರ ಮಿ.ಮೀ., ಅಗ್ಗದ ಕ್ಯಾಮೆರಾದ ನಾಲ್ಕು ಪಟ್ಟು. ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ ಚಿಕ್ಕದಿದ್ದಷ್ಟೂ ಬಾಯಿ ದೊಡ್ಡದು, ಎಫ್ 3.5ರ ಬದಲು ಎಫ್ 1.8 ಇದ್ದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು. ಎರಡೂ ಸೇರಿದರೆ ಹದಿನೈದು ಪಟ್ಟು. ಕೈ ನಡುಗದಂತೆ ಹಿಡಿದು ಸೆಕೆಂಡಿನ ಮೂವತ್ತರಲ್ಲೊಂದು ಭಾಗದಲ್ಲಿ ವೇತಾಳವನ್ನು ಹಿಡಿಯಲು ಆಗುವುದು, ಆಗದಿರುವುದು ಈ ಹದಿನೈದು ಪಟ್ಟಿನ ಮೇಲೆ ನಿಂತಿದೆ. ಮೆಗಾಪಿಕ್ಸೆಲ್ ಇಲ್ಲಿ ಎಲ್ಲೂ ಬರಲಿಲ್ಲ ನೋಡಿ.

ಅದರ ಗೊಡವೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ನಾಲ್ಕಕ್ಕೆ ಆರು ಇಂಚಿನ ಪ್ರಿಂಟಿಗೆ 2 ಮೆಗಾಪಿಕ್ಸೆಲ್ ಸಾಕು. ಮದುವೆಯ ಕರಿಜ್ಮಾ ಆಲ್ಬಮ್ಮಿನಲ್ಲಿ 12ಕ್ಕೆ 18 ಇಂಚಿನ ಒಂದು ಪುಟ ತುಂಬಲು 20ರ ಒಳಗೇ ಆಗುತ್ತದೆ. ಹತ್ತು ವರ್ಷದ ಹಳೆಯ ಕ್ಯಾಮೆರಾವೂ ಅಷ್ಟು ಕೊಡುತ್ತದೆ. ‘ಎಷ್ಟು ಮೆಗಾಪಿಕ್ಸೆಲ್ ಅಣ್ಣ?’ ಎಂದು ಕೇಳುವುದನ್ನು ನಾವು ಬಿಟ್ಟರೆ ಮಾರುವವರೂ ಬಿಡುತ್ತಾರೆ.

ಈ ಒಂದು ಇಂಚಿನ ಸೆನ್ಸರನ್ನು ಅಂಗಿಯ ಜೇಬಿಗೆ ತಂದದ್ದು 2012ರ ಸೋನಿ ಆರ್‌ಎಕ್ಸ್100. 20 ಮೆಗಾಪಿಕ್ಸೆಲ್, 28ರಿಂದ 100 ಮಿ.ಮೀ.ಗೆ ಸಮನಾದ ಜೂಮ್, ಅಗಲದ ತುದಿಯಲ್ಲಿ ಎಫ್ 1.8. ಅದರ ಹಿಂದೆಯೇ 2014ರಲ್ಲಿ ಕ್ಯಾನನ್ ಜಿ7 ಎಕ್ಸ್ ಬಂತು. 24ರಿಂದ 100, ಎಫ್ 1.8ರಿಂದ 2.8. ಹೊಸ ಮಾದರಿಗಳ ಬೆಲೆ ಈಗ ಸಾಮಾನ್ಯರ ಕೈಗೆಟುಕದು. ಆದರೆ ಮೊದಲ ತಲೆಮಾರಿನ ಆರ್‌ಎಕ್ಸ್100 ಹಳೆಯ ಮಾಲಾಗಿ, ಹೊಸ ಅಗ್ಗದ ಕ್ಯಾಮೆರಾಕ್ಕೆ ಕೊಡುವ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಸಿಗುತ್ತದೆ. ಇಡೀ ಪ್ರಶ್ನೆಗೆ ನನ್ನ ಉತ್ತರ ಇದೇ: ಹೊಸ ಅಗ್ಗದ್ದು ಬೇಡ, ಹಳೆಯ ಒಳ್ಳೆಯದು ನೋಡಿ. ಅದರ ಲೋಪಗಳೂ ಗೊತ್ತಿರಲಿ. ಮೈ ನುಣುಪು, ಬೆವರಿದ ಕೈಯಿಂದ ಜಾರುತ್ತದೆ. ಕೈಪಟ್ಟಿ ಇಲ್ಲದೆ ಎತ್ತಲೇಬಾರದು. ಬಿಸಿಲಲ್ಲಿ ಹಿಂದಿನ ಪರದೆ ಕಾಣುವುದು ಕಷ್ಟ. ಒಂದು ಗುಣ ಮಾತ್ರ ಪುಸ್ತಕದಲ್ಲಿ ಹೇಳುವುದಿಲ್ಲ: ಮೇಲೇಳುವ ಫ್ಲಾಶನ್ನು ಬೆರಳಲ್ಲಿ ಹಿಂದಕ್ಕೆ ಬಾಗಿಸಿ ಹಿಡಿದರೆ ಬೆಳಕು ಚಾವಣಿಗೆ ಬಡಿದು ಮೆತ್ತಗೆ ಕೆಳಗಿಳಿಯುತ್ತದೆ. ನಾಮಕರಣದ ದಿನ ಆರ್‌ಸಿಸಿ ಮನೆಯ ಬಿಳಿ ಚಾವಣಿಯ ಕೆಳಗೆ ಇದು ಸ್ಟುಡಿಯೋದವರ ಕೆಲಸಕ್ಕೆ ಸಾಟಿ. ಹೆಂಚಿನ ಮನೆಯಲ್ಲಿ ಆಟ ನಡೆಯುವುದಿಲ್ಲ, ಬೆಳಕೆಲ್ಲ ಜಂತೆಯ ಸಂದಿಗೆ ಹೋಗುತ್ತದೆ.

ಹಳೆಯದನ್ನು ಕೊಳ್ಳುವುದು ದನದ ಜಾತ್ರೆಯಲ್ಲಿ ಎತ್ತು ಕೊಂಡ ಹಾಗೆ. ಹಲ್ಲು ಹಿಡಿದು ನೋಡದೆ ದುಡ್ಡು ಎಣಿಸಬಾರದು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಾಗಲಿ, ಓಎಲ್‌ಎಕ್ಸ್‌ನಲ್ಲಿ ಸಿಕ್ಕ ಹಾಸನದವರ ಹತ್ತಿರವಾಗಲಿ, ನಿಮ್ಮದೇ ಮೆಮೊರಿ ಕಾರ್ಡು ಒಯ್ಯಿರಿ. ಕ್ಯಾಮೆರಾ ಹಚ್ಚಿ ಲೆನ್ಸು ಹೊರಬರುವಾಗ ಕಿವಿಗೊಡಿ. ಸದ್ದು ಒಂದೇ ಸಮ ಇರಬೇಕು. ಮರಳು ಅರೆದಂತೆ ಕರಕರ ಎಂದರೆ ಬಿಟ್ಟು ಬನ್ನಿ, ಚಿಕ್ಕ ಕ್ಯಾಮೆರಾಗಳು ಸಾಯುವುದು ಬಹುಪಾಲು ಲೆನ್ಸು ಸಿಕ್ಕಿಕೊಂಡೇ. ದಿನಪತ್ರಿಕೆಯ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ ನೇರ ನಿಂತು ತೆಗೆಯಿರಿ; ನಾಲ್ಕು ಮೂಲೆಯ ಅಕ್ಷರಗಳನ್ನೂ ಹಿಗ್ಗಿಸಿ ನೋಡಿ. ಮೂರು ಮೂಲೆ ಸ್ಪಷ್ಟವಾಗಿ ಒಂದು ಮಾತ್ರ ಕಲಸಿಹೋಗಿದ್ದರೆ ಅದು ಯಾವತ್ತೋ ಕೆಳಗೆ ಬಿದ್ದಿದೆ, ಲೆನ್ಸು ಸೊಟ್ಟಗಾಗಿದೆ. ಆಮೇಲೆ ಅಪರ್ಚರನ್ನು ಎಫ್ 11ಕ್ಕೆ ಇಟ್ಟು ಬರಿಯ ಸುಣ್ಣದ ಗೋಡೆಯನ್ನೋ ಆಕಾಶವನ್ನೋ ತೆಗೆಯಿರಿ. ಬೂದು ಚುಕ್ಕೆ ಕಂಡರೆ ಸೆನ್ಸರಿನ ಮೇಲೆ ಧೂಳು. ಲೆನ್ಸು ಬಿಚ್ಚಲು ಬಾರದ ಕ್ಯಾಮೆರಾದಲ್ಲಿ ಅದನ್ನು ಒರೆಸಲು ರಿಪೇರಿಯವರೇ ಗತಿ. ಲೆನ್ಸಿನೊಳಕ್ಕೆ ಓರೆಯಾಗಿ ಟಾರ್ಚು ಬಿಡಿ, ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಊದಿಕೊಂಡಿದೆ ಎಂದರ್ಥ. ಇಷ್ಟು ನೋಡುವಾಗ ಮಾರುವವರು ಅವಸರ ಮಾಡಿದರೆ ಅದೂ ಒಂದು ಲಕ್ಷಣವೇ.

ಬೂಷ್ಟಿನ ಮಾತು ಸುಮ್ಮನೆ ಹೇಳಿದ್ದಲ್ಲ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆಂದರೆ ಲೆನ್ಸನ್ನು ಬಿಟ್ಟೀತೇ? ಪೂರ್ವಕ್ಕೆ ಅರಸೀಕೆರೆಯ ತೆಂಗಿನ ಸೀಮೆಯಲ್ಲಿ ಈ ಕಾಟ ಕಡಿಮೆ, ಅಲ್ಲಿ ಧೂಳಿನದೇ ಚಿಂತೆ. ಮಲೆನಾಡಿನ ಅಂಚಿನಲ್ಲಿರುವವರು ಕ್ಯಾಮೆರಾವನ್ನು ಅದರ ಚೀಲದಲ್ಲಿಟ್ಟು ಮರೆಯಬಾರದು. ಚೀಲವೇ ತೇವ ಹಿಡಿದಿಡುತ್ತದೆ. ರಬ್ಬರು ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ತಿರುಗಿದಾಗ ಹರಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಮತ್ತೆ ತುಂಬಿದರೆ ಆಯಿತು. ಎಲ್ಲಕ್ಕಿಂತ ದೊಡ್ಡ ಔಷಧಿ ಬಳಸುವುದು.

ದೂರದ ಮಾತಿಗೆ ಬರೋಣ. ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರು ಸೂರಿನ ಕೆಳಗೆ ಓರೆಯಾಗಿ ನಿಂತಿದ್ದಾರೆ. ಹೊರಗೆ 38, ನವರಂಗದೊಳಗೆ ನಾಲ್ಕು. ಜಗಲಿಯ ಮೇಲೆ ನಿಂತು ಮೊಬೈಲನ್ನು ಮೇಲಕ್ಕೆತ್ತಿದರೆ ಗಲ್ಲ ದೊಡ್ಡದಾಗಿ, ತಲೆ ಚಿಕ್ಕದಾಗಿ ಬರುತ್ತಾರೆ. ಅಂಗಳಕ್ಕೆ ಇಳಿದು, ಹಿಂದೆ ಸರಿದು, 100 ಮಿ.ಮೀ.ಗೆ ಸಮನಾದ ಜೂಮಿನಲ್ಲಿ ತೆಗೆಯಬೇಕು. ಇದಕ್ಕೆ 40 ಪಟ್ಟಿನ ಜೂಮು ಬೇಕಿಲ್ಲ. ಸೂರಿನ ಹಿಂದೆ ಬೆಳ್ಳಗಿನ ಆಕಾಶ ಇರುವುದರಿಂದ ಕ್ಯಾಮೆರಾ ಮೋಸಹೋಗಿ ಮದನಿಕೆಯನ್ನು ಕಪ್ಪಗೆ ಮಾಡುತ್ತದೆ. ಪ್ಲಸ್–ಮೈನಸ್ ಗುರುತಿರುವ ಎಕ್ಸ್‌ಪೋಷರ್ ಗುಂಡಿಯನ್ನು ಪ್ಲಸ್ 1ಕ್ಕೆ ಒಯ್ಯಿರಿ. ಹಳೇಬೀಡಿನ ಗೋಡೆಯಲ್ಲಿ ಇದರ ತಿರುಗುಮುರುಗು. ಚೌಕಟ್ಟಿನ ತುಂಬ ಕಪ್ಪುಗಲ್ಲೇ ತುಂಬಿದಾಗ ಕ್ಯಾಮೆರಾ ಅದನ್ನು ಬೂದಿಯಂತೆ ಬೆಳ್ಳಗೆ ಮಾಡಲು ಹವಣಿಸುತ್ತದೆ. ಆಗ ಮೈನಸ್ 0.7. ಈ ಗುಂಡಿ ಕೈಗೆ ಸುಲಭವಾಗಿ ಸಿಗದೆ ಮೆನುವಿನ ಏಳನೇ ಪದರದಲ್ಲಿ ಅಡಗಿರುವ ಕ್ಯಾಮೆರಾ ನನ್ನ ಲೆಕ್ಕದಲ್ಲಿ ಅರ್ಧ ಕ್ಯಾಮೆರಾ. ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಹೆಸರಾದ ದೊಡ್ಡ ಶಿಲ್ಪಗಳು ಹಿಂಬದಿಯ ಗೋಡೆಯಲ್ಲಿವೆ. ಮಧ್ಯಾಹ್ನ ಮೂರರ ಮೇಲೆ ಹೋದರೆ ಓರೆ ಬಿಸಿಲು ಸಾವಿರಗಟ್ಟಲೆ ಬೆಲೆಯ ಲೆನ್ಸು ಮಾಡುವ ಕೆಲಸವನ್ನು ಪುಕ್ಕಟೆ ಮಾಡುತ್ತದೆ.

ಈ ಗೋಡೆಗೆ ಕ್ಯಾಮೆರಾ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಲಿನಿಯಸ್ ಟ್ರೈಪ್ 1854ರ ಕೊನೆಗೆ ಹಳೇಬೀಡು, ಬೇಲೂರುಗಳಲ್ಲಿ ಚಿತ್ರ ತೆಗೆದ. ಕ್ಯಾಪ್ಟನ್ ಓಕ್ಲಿ ಎಂಬಾತ ಹಳೇಬೀಡಿನ ಗುಡಿಯೊಂದರದ್ದೇ 56 ಛಾಯಾಚಿತ್ರಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ಹೊರತಂದ. ಕರ್ನಾಟಕದ ಛಾಯಾಗ್ರಹಣದ ಚರಿತ್ರೆ ಬರೆಯುವವರು ಬೆಂಗಳೂರಿಗಿಂತ ಮೊದಲು ನಮ್ಮ ಈ ಮೂಲೆಗೆ ಬರಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ಆ ಮೂರರ ಚಿತ್ರಗಳಿಗೆ ಇನ್ನು ಬರವಿಲ್ಲ. ಬರ ಇರುವುದು ಹೊಲದ ಬದುವಿನಲ್ಲಿ ಅರ್ಧ ಹೂತ ವೀರಗಲ್ಲಿಗೆ, ಹುಣಸೆ ಮರದ ಬುಡದ ಮಾಸ್ತಿಕಲ್ಲಿಗೆ. ಶಾಸನಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದ ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಸಂಪುಟ 1902ರದು. ಅಲ್ಲಿ ಪಾಠ ಅಚ್ಚಾದ ಶಾಸನಗಳಲ್ಲಿ ಕೆಲವು ಇಂದು ಬಟ್ಟೆ ಒಗೆಯುವ ಕಲ್ಲಾಗಿರುವುದು ಸುತ್ತಿದವರಿಗೆ ಗೊತ್ತು. ಮೇಷ್ಟ್ರು ತೆಗೆಯುವ ಚಿತ್ರಕ್ಕೆ ಬೆಲೆ ಇರುವುದು ಅಲ್ಲಿ.

ಶಾಸನ ತೆಗೆಯುವ ಬಗೆಯೇ ಬೇರೆ. ಕಲ್ಲನ್ನು ನೀರು ಚಿಮುಕಿಸಿ ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಸುಣ್ಣವನ್ನೋ ಚಾಕ್‌ಪೀಸನ್ನೋ ಬಳಿಯಕೂಡದು. ನಡುಮಧ್ಯಾಹ್ನದ ನೆತ್ತಿಯ ಬಿಸಿಲಿಗೆ ಸವೆದ ಅಕ್ಷರ ಕಾಣುವುದಿಲ್ಲ. ಕೊಡೆ ಹಿಡಿದು ನೆರಳು ಮಾಡಿ, ಒಬ್ಬರು ಕಲ್ಲಿನ ಪಕ್ಕಕ್ಕೆ ಕುಳಿತು ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದರೆ, ಇಲ್ಲವೆಂದುಕೊಂಡಿದ್ದ ಸಾಲು ಎದ್ದು ಬರುತ್ತದೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ತೆಗೆಯಿರಿ; ಎಡದ ಬೆಳಕಿಗೆ ಕಾಣದ ಒತ್ತು ಬಲದ ಬೆಳಕಿಗೆ ಕಂಡೀತು. ಕ್ಯಾಮೆರಾದ ಮುಂಭಾಗದ ಫ್ಲಾಶ್ ಇಲ್ಲಿ ಶತ್ರು, ನೆರಳನ್ನೆಲ್ಲ ಕೊಂದುಬಿಡುತ್ತದೆ. ಈ ಕೆಲಸಕ್ಕೆ ನಿಜವಾಗಿ ಬೇಕಾದದ್ದು ಫ್ಲಾಶನ್ನು ಪೂರ್ತಿ ಆಫ್ ಮಾಡುವ ಸೌಲಭ್ಯ, ಎರಡು ಸೆಕೆಂಡಿನ ಟೈಮರ್, ಕ್ಯಾಮೆರಾ ಊರಲು ಒಂದು ಇಟ್ಟಿಗೆ. ಹೊಲದ ಬದುವಿಗೆ ಟ್ರೈಪಾಡಿನ ನಿಯಮ ಇಲ್ಲ.

ಹಕ್ಕಿ ನೋಡುವ ನಿವೃತ್ತರಿಗೆ ಈ ಲೆಕ್ಕಗಳೆಲ್ಲ ತಲೆಕೆಳಗು. ಹಳೇಬೀಡಿನ ದ್ವಾರಸಮುದ್ರ ಕೆರೆಯ ನಡುವಿನ ಹಕ್ಕಿಗೆ 100 ಮಿ.ಮೀ. ಏನೂ ಸಾಲದು. ಅವರಿಗೆ ಸೆನ್ಸರು ಚಿಕ್ಕದಾದರೂ ಜೂಮು ಉದ್ದವಿರಬೇಕು. ಜೇಬಿಗೆ ಹೋಗುವುದೇ ಬೇಕೆಂದರೆ 40 ಪಟ್ಟು ಜೂಮಿನ ಕ್ಯಾನನ್ ಎಸ್‌ಎಕ್ಸ್740, ಹೆಗಲಿಗೆ ಹಾಕಿದರೂ ಆದೀತು ಎನ್ನುವವರಿಗೆ 83 ಪಟ್ಟಿನ ನಿಕಾನ್ ಪಿ950. ಬೆಳಿಗ್ಗೆಯ ಒಳ್ಳೆಯ ಬೆಳಕಿನಲ್ಲಿ ಇವು ಗುರುತು ಹಿಡಿಯುವಷ್ಟು ಚಿತ್ರ ಕೊಡುತ್ತವೆ, ಮೋಡ ಕವಿದರೆ ಕೊಡುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಪಕ್ಕದ ಮೂಡಿಗೆರೆಯ ತೋಟದಲ್ಲಿ ಫಿಲ್ಮು ಹಾಕಿಕೊಂಡು ಹಕ್ಕಿಗಾಗಿ ಕಾದು ಕೂತವರು. ಅವರ ಹಕ್ಕಿಚಿತ್ರಗಳನ್ನು ನೋಡಿದವರಿಗೆ ಜೂಮಿಗಿಂತ ಕಾಯುವುದೇ ಮುಖ್ಯ ಎನ್ನಿಸಿದರೆ ಅದಕ್ಕೆ ನನ್ನ ತಕರಾರಿಲ್ಲ.

ಇನ್ನು ಕಾಲೇಜು ಹುಡುಗ ಹುಡುಗಿಯರ ‘ಡಿಜಿಕ್ಯಾಮ್’. 2005ರ ಸುಮಾರಿನ ಸಿಸಿಡಿ ಸೆನ್ಸರಿನ ಕ್ಯಾಮೆರಾಗಳಿಗೆ ವಿಶೇಷ ಬಣ್ಣವಿದೆಯೆಂಬ ಮಾತು ಹಬ್ಬಿ, ಗುಜರಿಗೆ ಹೋಗಬೇಕಿದ್ದ ಮಾಲಿಗೂ ಬೆಲೆ ಬಂದಿದೆ. ಆ ಬಣ್ಣದಲ್ಲಿ ಹೆಚ್ಚಿನ ಪಾಲು ಆ ಕಾಲದ ಸಂಸ್ಕರಣೆಯದು ಮತ್ತು ಮುಖಕ್ಕೆ ನೇರ ಹೊಡೆಯುವ ಫ್ಲಾಶಿನದು. ದುಡ್ಡು ಕೊಟ್ಟು ಕೊಳ್ಳುವ ಮೊದಲು ಮನೆಯ ಬೀರು, ದುಬೈಯಿಂದ ಬಂದ ಚಿಕ್ಕಪ್ಪನ ಸೂಟ್‌ಕೇಸು ಹುಡುಕಿ, ಒಂದಾದರೂ ಸಿಗುತ್ತದೆ. ತೊಡಕಿರುವುದು ಕಾರ್ಡಿನಲ್ಲಿ. ಹಳೆಯ ಒಲಿಂಪಸ್, ಫ್ಯೂಜಿಗಳಿಗೆ ಎಕ್ಸ್‌ಡಿ ಕಾರ್ಡು, 2010ಕ್ಕೆ ಮುಂಚಿನ ಸೋನಿಗಳಿಗೆ ಮೆಮೊರಿ ಸ್ಟಿಕ್. ಎರಡೂ ಈಗ ಕ್ಯಾಮೆರಾಕ್ಕಿಂತ ಅಪರೂಪ. ಎಸ್‌ಡಿ ತೂರುವಂಥದ್ದಾದರೂ ತೀರಾ ಹಳೆಯದು 2 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದಿಲ್ಲ, ನಂತರದವು 32 ಜಿಬಿಗೆ ನಿಲ್ಲುತ್ತವೆ. ಮೊಬೈಲಂಗಡಿಯವರು ಕೊಟ್ಟ 64 ಜಿಬಿ ಕಾರ್ಡು ಹಾಕಿ ಕ್ಯಾಮೆರಾವೇ ಕೆಟ್ಟಿದೆ ಎಂದು ಎಸೆದವರುಂಟು.

ಹಳೆಯ ಕ್ಯಾಮೆರಾ ಯಾವುದೇ ಕೈಗೆ ಬರಲಿ, ಮೊದಲ ಚಿತ್ರಕ್ಕೆ ಮುಂಚೆ ಮೆನುವಿಗೆ ಹೋಗಿ ದಿನಾಂಕ ಸರಿಮಾಡಿ. ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರೆ ದೊಡ್ಡ ಬ್ಯಾಟರಿ ತೆಗೆದಾಗಲೆಲ್ಲ ಗಡಿಯಾರ ಹಳೆಯ ವರ್ಷಕ್ಕೆ ಹಾರುತ್ತದೆ. ಮಗುವಿನ ಹುಟ್ಟುಹಬ್ಬಕ್ಕಾದರೆ ನಗಾಡಿ ಬಿಡಬಹುದು. ಒಂದು ಶಾಸನ ಯಾವ ವರ್ಷ ಎಲ್ಲಿ ನೆಟ್ಟಗೆ ನಿಂತಿತ್ತು ಎಂದು ಮುಂದೆ ಯಾರೋ ಕೇಳಿದಾಗ ಆ ದಿನಾಂಕವೇ ದಾಖಲೆ. ಹಾಗೆ ಗಡಿಯಾರ ಹಾರುವ ಕ್ಯಾಮೆರಾವಾದರೆ ದಿನದ ಮೊದಲ ಫ್ರೇಮಿನಲ್ಲಿ ಆ ದಿನದ ಪತ್ರಿಕೆಯ ಮುಖಪುಟವನ್ನೇ ತೆಗೆದಿಟ್ಟುಕೊಳ್ಳಿ. ಹಗರೆ ಬಸ್ ನಿಲ್ದಾಣದ ಹತ್ತಿರ ಬೆಳಿಗ್ಗೆ ಪೇಪರು ಸಿಕ್ಕೇ ಸಿಗುತ್ತದೆ.